ಸಂಕ್ರಾಂತಿಗೆ ಮನೆಯವರೆಲ್ಲ ಊರಿಗೆ, ನಾಯಿ-ಬೆಕ್ಕು ನೋಡಿಕೊಳ್ಳೋರು ಯಾರು? ಗಚ್ಚಿಬೌಲಿಯ ‘ಪೆಟ್ ಸಿಟ್ಟರ್’ ಕೆಲಸ ಹೇಗಿರುತ್ತೆ ಗೊತ್ತಾ?

ಹೈದರಾಬಾದ್: ಗಚ್ಚಿಬೌಲಿಯ ಟ್ರಾಫಿಕ್ ವರ್ಷಕ್ಕೆ ಎರಡು ಸಲ ತಾನಾಗಿಯೇ ಕರಗುತ್ತದೆ. ಒಂದು ದಸರಾ, ಇನ್ನೊಂದು ಸಂಕ್ರಾಂತಿ. ಕ್ರಿಸ್‌ಮಸ್ ಹೊತ್ತಿಗೆ ಐಟಿ ಉದ್ಯೋಗಿಗಳು ರಜೆ ಹಾಕಲು ಶುರು ಮಾಡುತ್ತಾರೆ. ಭೋಗಿ ಹತ್ತಿರವಾದಾಗ ಆಂಧ್ರದ ಕಡೆಗೆ ಹೊರಟ ಕಾರುಗಳು ವಿಜಯವಾಡ ಹೆದ್ದಾರಿಯ ಪಂತಂಗಿ ಟೋಲ್‌ನಲ್ಲಿ ಸಾಲುಗಟ್ಟಿರುತ್ತವೆ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಇಲ್ಲಿ ನೆಲೆಸಿರುವ ಕನ್ನಡಿಗರೂ ಊರಿನ ಬಸ್ಸು ಹತ್ತುತ್ತಾರೆ. ಫ್ಲ್ಯಾಟ್‌ನಲ್ಲಿರುವ ಲ್ಯಾಬ್ರಡಾರ್‌ನ ಗತಿ ಏನು?

ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲೇ ಕರೆದೊಯ್ಯಬೇಕೆಂದರೆ ಫಸ್ಟ್ ಎಸಿಯ ಕೂಪೆಯನ್ನೇ ಪೂರ್ತಿ ಕಾಯ್ದಿರಿಸಬೇಕು. ಇಲ್ಲದಿದ್ದರೆ ಗಾರ್ಡ್ ಬೋಗಿಯ ಡಾಗ್ ಬಾಕ್ಸ್. ಬೆಕ್ಕಂತೂ ಜಾಗ ಬದಲಾದರೆ ಊಟವನ್ನೇ ಬಿಟ್ಟುಬಿಡಬಹುದು. ಹಾಗಾಗಿ ಮನೆಗೇ ಬಂದು ನೋಡಿಕೊಳ್ಳುವ ಪೆಟ್ ಸಿಟ್ಟರ್‌ಗಳಿಗೆ ಡಿಸೆಂಬರ್ ಮೂರನೇ ವಾರದಿಂದ ಸಂಕ್ರಾಂತಿ ಮುಗಿಯುವವರೆಗೆ ಕೈತುಂಬ ಕೆಲಸ. ವಿದ್ಯಾರ್ಥಿಗಳು, ವರ್ಕ್ ಫ್ರಮ್ ಹೋಮ್ ಮಾಡುವವರು ಕೂಡ ಇದಕ್ಕೆ ಇಳಿಯುತ್ತಿದ್ದಾರೆ. ನಾಯಿ ಜೊತೆ ಆಟ, ಮೇಲೆ ದುಡ್ಡು ಎಂದುಕೊಂಡು ಬಂದವರಿಗೆ ಮೊದಲ ಸೀಸನ್ನಿನಲ್ಲೇ ನಿಜ ಗೊತ್ತಾಗುತ್ತದೆ.

ಲೆಕ್ಕ ತಪ್ಪುವುದು ಎಲ್ಲಿ?

ಒಂದು ನಾಯಿಗೆ ದಿನಕ್ಕೆ ಮೂರು ಭೇಟಿ, ಒಂದೊಂದಕ್ಕೆ 40 ನಿಮಿಷ ಎಂದುಕೊಳ್ಳಿ. ಸೆಕ್ಯೂರಿಟಿ ಗೇಟ್‌ನಲ್ಲಿ ಎಂಟ್ರಿ, ಲಿಫ್ಟ್, ಕೊಂಡಾಪುರದಿಂದ ನಾನಕ್‌ರಾಮ್‌ಗುಡದವರೆಗಿನ ಓಡಾಟ ಸೇರಿ ಪ್ರತಿ ಭೇಟಿಗೆ ಇನ್ನೂ 30 ನಿಮಿಷ. ಅಲ್ಲಿಗೆ ಒಂದು ಮನೆಗೆ ಮೂರೂವರೆ ಗಂಟೆ. ನಾಲ್ಕು ಮನೆ ಒಪ್ಪಿಕೊಂಡರೆ 14 ಗಂಟೆ!

ದಿನಕ್ಕೆ 24 ಗಂಟೆ ಇದೆಯಲ್ಲ ಎನ್ನಬಹುದು. ಆದರೆ ನಾಯಿಗಳಿಗೆಲ್ಲ ಹೊರಗೆ ಹೋಗಬೇಕಾಗುವುದು ಬೆಳಗ್ಗೆಯೇ. ಆರು ಗಂಟೆಗೆ ಮೊದಲ ಮನೆ ಶುರು ಮಾಡಿದರೆ ನಾಲ್ಕನೆಯ ನಾಯಿಯ ಸರದಿ ಬರುವುದು ಒಂಬತ್ತೂವರೆಗೆ. ಹಿಂದಿನ ರಾತ್ರಿಯಿಂದ ಮೂತ್ರ ಕಟ್ಟಿಕೊಂಡು ಕೂತ ನಾಯಿ ಬಾಗಿಲು ಕೆರೆಯುತ್ತದೆ, ಬೊಗಳುತ್ತದೆ, ಪಕ್ಕದ ಮನೆಯವರು ಮಾಲೀಕರಿಗೆ ಫೋನ್ ಮಾಡುತ್ತಾರೆ. ಹೆಚ್ಚಿನ ರಜಾ ದರದ ಆಸೆಗೆ ಐದನೇ ಮನೆಗೂ ಹೂಂ ಎಂದರೆ ಎಲ್ಲ ಮನೆಗಳಲ್ಲೂ ಕೆಲಸ ಅರ್ಧಂಬರ್ಧ. ಈ ಸೀಸನ್ನಿನಲ್ಲಿ ಒಳ್ಳೆಯ ಸಿಟ್ಟರ್ ಯಾರು ಎಂದು ತಿಳಿಯಬೇಕಾದರೆ, ಅವರು ಎಷ್ಟು ಮನೆಗಳಿಗೆ ‘ಆಗಲ್ಲ’ ಎಂದಿದ್ದಾರೆ ಎಂದು ಕೇಳಬೇಕು.

ರಾತ್ರಿ ಎರಡಕ್ಕೆ ನಾಯಿ ವಾಂತಿ ಮಾಡಿಕೊಂಡರೆ?

ಈ ಪ್ರಶ್ನೆಯನ್ನು ಮಾಲೀಕರು ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಅವರು ಆಗ ವಿಮಾನದಲ್ಲಿರಬಹುದು ಅಥವಾ ನೆಟ್‌ವರ್ಕ್ ಇಲ್ಲದ ಊರಿನಲ್ಲಿರಬಹುದು. ಯಾವ ಪಶುವೈದ್ಯರು, ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು, ಕೇಳದೆಯೇ ಎಷ್ಟು ರೂಪಾಯಿವರೆಗೆ ಚಿಕಿತ್ಸೆ ಕೊಡಿಸಬಹುದು, ಮಾಲೀಕರು ಸಿಗದಿದ್ದರೆ ಇನ್ಯಾರಿಗೆ ಕರೆ ಮಾಡಬೇಕು ಎಂಬುದೆಲ್ಲ ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಅಡ್ವಾನ್ಸ್ ಎಷ್ಟು ಎನ್ನುವುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಾಣಿಯ ಯೋಗಕ್ಷೇಮದ ಹೊಣೆಯನ್ನು ಅದನ್ನು ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡ ಪ್ರತಿಯೊಬ್ಬರ ಮೇಲೂ ಹೊರಿಸುತ್ತದೆ. ‘ನಾನು ಬರೀ ಸಿಟ್ಟರ್’ ಎಂದು ಜಾರಿಕೊಳ್ಳಲು ಆಗುವುದಿಲ್ಲ.

ಈ ಹಬ್ಬಗಳಿಗೆ ಅವುಗಳದ್ದೇ ಆದ ಅಪಾಯಗಳೂ ಇವೆ. ಪ್ಲಮ್ ಕೇಕಿನಲ್ಲಿರುವ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಹಾನಿ ಮಾಡಬಲ್ಲದು. ಚಾಕೊಲೇಟ್, ಕ್ಸೈಲಿಟಾಲ್ ಇರುವ ಶುಗರ್ ಫ್ರೀ ತಿನಿಸುಗಳೂ ವಿಷವೇ. ಡಿಸೆಂಬರ್ 31ರ ರಾತ್ರಿ ಪಟಾಕಿಗೆ ಬೆದರಿದ ನಾಯಿ ಕುತ್ತಿಗೆ ಬೆಲ್ಟ್‌ನಿಂದ ತಲೆ ಬಿಡಿಸಿಕೊಂಡು ಓಡಿಹೋಗುತ್ತದೆ. ಅಂದು ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ, ಟಿವಿ ಹಾಕಿಡಿ. ಸಂಕ್ರಾಂತಿಯ ಗಾಳಿಪಟದ ಸಮಯದಲ್ಲಿ ಟೆರೇಸ್‌ಗೆ ಕರೆದೊಯ್ಯಬೇಡಿ, ಮಾಂಜಾ ದಾರ ಕಾಲು ಕೊಯ್ಯುತ್ತದೆ. ಬೆಕ್ಕು ಹಾಸಿಗೆ ಕೆಳಗೆ ಅಡಗಿ ಒಂದು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಕೆಲವು ದಿನ ಉಪವಾಸವಿದ್ದರೆ ಅದರ ಲಿವರ್‌ಗೆ ಕೊಬ್ಬು ಸೇರಿಕೊಂಡು ಜೀವಕ್ಕೇ ಕುತ್ತಾಗುತ್ತದೆ. ಕೊಂಡಾಪುರದಲ್ಲಿ ಜಿಎಚ್‌ಎಂಸಿ 2018ರಲ್ಲಿ ತೆರೆದ ಡಾಗ್ ಪಾರ್ಕ್ ಇದೆ ನಿಜ, ಆದರೆ ನಿಮ್ಮ ಮಾತು ಕೇಳುತ್ತದೋ ಇಲ್ಲವೋ ಗೊತ್ತಿಲ್ಲದ ನಾಯಿಯನ್ನು ಅಲ್ಲಿ ಮೊದಲ ದಿನವೇ ಬಿಚ್ಚಿ ಬಿಡಬೇಡಿ.

ಸಿಟ್ಟರ್‌ನ ಸುರಕ್ಷತೆಯ ವಿಷಯ ಬಹಳ ಜನರಿಗೆ ನೆನಪೇ ಆಗುವುದಿಲ್ಲ. ಕೀ ಪಡೆಯುವ ಮುನ್ನ ವ್ಯಾಕ್ಸಿನ್ ಕಾರ್ಡ್ ನೋಡಿ. ಕಚ್ಚಿದರೆ ಅಥವಾ ಪರಚಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂಬ ಮಾತು ನಂಬಿ ಕೂರಬೇಡಿ. ಇನ್ನು ನಾಯಿಯೊಂದಿಗೆ ಲಿಫ್ಟ್ ಹತ್ತಲು ಬಿಡದ ಅಪಾರ್ಟ್‌ಮೆಂಟ್‌ಗಳೂ ಇವೆ. ಸಾಕುಪ್ರಾಣಿಗಳಿಗೆ ಲಿಫ್ಟ್ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಅಪರಿಚಿತ ಹುಡುಗಿಯೊಬ್ಬಳು ರಾತ್ರಿ ಹತ್ತಕ್ಕೆ ಗೇಟ್‌ನಲ್ಲಿ ನಿಂತು ಮಾರ್ಗಸೂಚಿ ಓದಿ ಹೇಳುವುದಕ್ಕಿಂತ, ಮಾಲೀಕರೇ ಅಸೋಸಿಯೇಷನ್‌ಗೆ ಮೊದಲೇ ತಿಳಿಸಿ ಹೋಗುವುದು ಮೇಲು.

ಸಿಟ್ಟರ್‌ಗೂ ಊರು, ಹಬ್ಬ ಇರುತ್ತದೆ ಅಲ್ಲವೇ? ಕನುಮ ದಿನ ತೆಲುಗು ಹಳ್ಳಿಗಳಲ್ಲಿ ದನಗಳಿಗೆ ಪೂಜೆ ನಡೆಯುವಾಗ ಇವರು ಯಾರದೋ ಬಾಲ್ಕನಿಯಲ್ಲಿ ಲಿಟರ್ ಬಾಕ್ಸ್ ತೊಳೆಯುತ್ತಿರುತ್ತಾರೆ. ಆ ದಿನಗಳಿಗೆ ಹೆಚ್ಚು ದರ ಕೇಳಿದರೆ ಚೌಕಾಸಿಗೆ ಇಳಿಯಬೇಡಿ.

ಕೊನೆಯ ದಿನವೇ ಹೆಚ್ಚು ಎಚ್ಚರ ಬೇಕು. ಭಾನುವಾರ ಸಂಜೆ ಬರುತ್ತೇವೆ ಎಂದವರು ಟೋಲ್ ಜಾಮ್‌ನಲ್ಲಿ ಸಿಕ್ಕಿಕೊಂಡು ಸೋಮವಾರ ಬಂದಾರು. ಮಧ್ಯಾಹ್ನದ ಊಟ ಹಾಕಿ ಸಿಟ್ಟರ್ ತನ್ನ ಊರಿನ ಬಸ್ಸು ಹತ್ತಿಬಿಟ್ಟರೆ ಬೀಗ ಹಾಕಿದ ಮನೆಯಲ್ಲಿ ನಾಯಿ ಒಂಟಿ, ನೀರಿನ ಬಟ್ಟಲು ಖಾಲಿ. ಆದ್ದರಿಂದ ಅನುಭವಿಗಳು ‘ಹೊರಟಿದ್ದೇವೆ’ ಎಂಬ ಮೆಸೇಜ್ ನೋಡಿ ಕೆಲಸ ಮುಗಿಸುವುದಿಲ್ಲ. ‘ಮನೆಯೊಳಗೆ ಬಂದೆವು’ ಎಂಬ ಮೆಸೇಜ್, ಜೊತೆಗೆ ನಾಯಿಯ ಫೋಟೊ ಬಂದ ಮೇಲೆಯೇ ಬ್ಯಾಗು ಎತ್ತಿಕೊಳ್ಳುತ್ತಾರೆ.