ಸಾಣೆಕಲ್ಲಿಗೂ ನೀರಿಗೂ ನಂಟಿದೆಯೇ?

ಪ್ರಶ್ನೆ: ಇಂಗ್ಲಿಷಿನಲ್ಲಿ ಸಾಣೆಕಲ್ಲಿಗೆ ‘ವೆಟ್‌ಸ್ಟೋನ್’ ಎನ್ನುವುದು ಅದನ್ನು ಒದ್ದೆ ಮಾಡುವುದರಿಂದಲೇ?

ಉತ್ತರ: ಅಲ್ಲ. ಹಾಗನ್ನಿಸುವುದು ಸಹಜ, ಎಷ್ಟೋ ಕಲ್ಲುಗಳ ಮೇಲೆ ನೀರು ಚಿಮುಕಿಸಿಯೇ ಚಾಕು ಮಸೆಯುತ್ತಾರೆ. ಆದರೆ ಈ ‘ವೆಟ್’ ಬೇರೆ. ಇದರ ಕಾಗುಣಿತದಲ್ಲಿ ಡಬ್ಲ್ಯು ಪಕ್ಕ ಒಂದು ಎಚ್ ಇದೆ, ಗುಟ್ಟೆಲ್ಲ ಆ ಎಚ್‌ನಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಇದು ‘ಹ್ವೆಟ್ಟನ್’. ಮಸೆ ಎಂಬ ಅರ್ಥದ ಜೊತೆಗೆ ಹುರಿದುಂಬಿಸು ಎಂಬ ಅರ್ಥವೂ ಇತ್ತು. ಅದು ಹುಟ್ಟಿದ್ದು ಚುರುಕಾದ, ದಿಟ್ಟ ಎಂಬರ್ಥದ ‘ಹ್ವ್ಯಾಟ್’ ಪದದಿಂದ. ಜರ್ಮನ್ನಿನ ‘ವೆಟ್ಸನ್’ ಇದರ ದಾಯಾದಿ. ಒದ್ದೆಯ ‘ವೆಟ್’ ಆದರೋ ‘ವಾಟರ್’ ಬಳಗದ್ದು. ಹಸಿವು ಕೆರಳಿಸುವುದಕ್ಕೂ ಇಂಗ್ಲಿಷಿನಲ್ಲಿ ಮಸೆಯುವ ‘ವೆಟ್’ ಅನ್ನೇ ಬಳಸುತ್ತಾರೆ. ಅಲ್ಲಿ ಎಚ್ ಬಿಟ್ಟು ಬರೆಯುವವರು ಬಹಳ.

ಈ ಪದಕ್ಕೆ ಸಿಕ್ಕ ಅತಿ ಸುಂದರ ಬಳಕೆ, ನನ್ನ ಮಟ್ಟಿಗೆ, ಒಂದು ಗಣಿತದ ಪುಸ್ತಕದ ಹೆಸರು. 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಬರೆದ ‘ದ ವೆಟ್‌ಸ್ಟೋನ್ ಆಫ್ ವಿಟ್’, ಅಂದರೆ ಬುದ್ಧಿಯ ಸಾಣೆಕಲ್ಲು. ಅದರಲ್ಲೊಂದು ಶ್ಲೇಷೆಯೂ ಅಡಗಿದೆ: ಆ ಕಾಲದಲ್ಲಿ ಬೀಜಗಣಿತಕ್ಕೆ ‘ಕಾಸ್’ ಎಂಬ ಹೆಸರಿತ್ತು, ಲ್ಯಾಟಿನ್ನಿನಲ್ಲಿ ‘ಕೋಸ್’ ಎಂದರೆ ಸಾಣೆಕಲ್ಲು. ಇಂದು ಶಾಲೆಯ ಮಕ್ಕಳೆಲ್ಲ ಬರೆಯುವ ಸಮಚಿಹ್ನೆ, ಆ ಎರಡು ಸಮಾನಾಂತರ ಗೆರೆ, ಮೊದಲು ಅಚ್ಚಾದದ್ದು ಇದೇ ಪುಸ್ತಕದಲ್ಲಿ.