ಆಡಿಟೋರಿಯಂ ಕತ್ತಲಲ್ಲಿ ಫೋಟೋ: ಲೆನ್ಸೋ, ಫ್ಲ್ಯಾಶೋ?

ಕಳೆದ ವರ್ಷದ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ನಾನೇ ಕ್ಲಬ್‌ನ ಅಧಿಕೃತ ಫೋಟೋಗ್ರಾಫರ್. ಅಧಿಕೃತ ಅಂದ್ರೆ ಇಷ್ಟೇ, ಕೊರಳಲ್ಲಿ ಐಡಿ ಕಾರ್ಡ್ ಜೊತೆ ಒಂದು ಡಿಎಸ್‌ಎಲ್‌ಆರ್ ಕೂಡ ನೇತಾಡ್ತಿತ್ತು. ರಾತ್ರಿ ಎಂಟರ ಹೊತ್ತಿಗೆ ನಮ್ಮ ಬ್ಯಾಚಿನ ಹುಡುಗನೊಬ್ಬ ಅಭಿಮನ್ಯುವಾಗಿ ರಂಗಕ್ಕೆ ಬಂದ. ಹೊನ್ನಾವರದ ಕಡೆಯವನು, ಚಿಕ್ಕಂದಿನಿಂದ ಯಕ್ಷಗಾನ ಕಲಿತವನು. ಕಾಲೇಜಿನಲ್ಲಿ ಅವನದು ಅದೇ ಕೊನೆಯ ವೇಷ. ಚಂಡೆ ಏರುತ್ತಾ ಹೋಗಿ ಮಂಡಿ ಕುಣಿತ ಶುರುವಾದಾಗ ಇಡೀ ಆಡಿಟೋರಿಯಂ ಎದ್ದು ನಿಂತಿತು. ನಾನು ಒಂದೇ ಸಮನೆ ಕ್ಲಿಕ್ ಮಾಡ್ತಾ ಹೋದೆ. ಆರುನೂರಕ್ಕೂ ಹೆಚ್ಚು ಫೋಟೋ.

ಹಾಸ್ಟೆಲ್‌ಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದರೆ ಅಭಿಮನ್ಯುವಿಗೆ ಮುಖವೇ ಇರಲಿಲ್ಲ. ತಲೆಯ ಮೇಲಿನ ಕೇದಗೆ ಮುಂದಲೆ ಇರಬೇಕಾದ ಜಾಗದಲ್ಲಿ ಕೆಂಪು-ಚಿನ್ನದ ಒಂದು ಗೀಟು. ತಮಾಷೆ ಅಂದ್ರೆ, ಹಿಂದಿದ್ದ ಪರದೆಯ ಮಡಿಕೆಗಳು ಮಾತ್ರ ಸ್ಫಟಿಕದಷ್ಟು ಸ್ಪಷ್ಟ. ಮಾರನೇ ದಿನ ಅವನು ಬಂದು, "ಅಮ್ಮಂಗೆ ಕಳಿಸ್ಬೇಕು, ಒಂದಾದ್ರೂ ಚೆಂದ ಬಂದಿದ್ಯಾ ಮಾರಾಯಾ?" ಅಂದ. ಅವನ ಅಮ್ಮನಿಗೆ ಬರೋಕಾಗಿರಲಿಲ್ಲ. ಬಣ್ಣ ಹಚ್ಚಿಕೊಳ್ತಾ ಕೂತಿದ್ದಾಗ ತೆಗೆದಿದ್ದ ಒಂದು ಫೋಟೋ ಕಳಿಸಿದೆ. ಕುಣಿತದ್ದು ಒಂದೂ ಇರಲಿಲ್ಲ.

ತಪ್ಪು ಕ್ಯಾಮೆರಾದ್ದು ಅಂದ್ಕೊಂಡು ಒಂದು ವಾರ ಹೊಸ ಬಾಡಿಗಳ ರೇಟ್ ಹುಡುಕಿದೆ. ಆಮೇಲೆ ಸುಮ್ಮನೆ ಕೂತು ಆ ಫೋಟೋಗಳ ಜೊತೆ ಸೇವ್ ಆಗಿದ್ದ ಮಾಹಿತಿ ನೋಡಿದೆ. 55 ಎಂಎಂ, ಎಫ್ 5.6, ಐಎಸ್‌ಓ 1600, ಶಟರ್ 1/20 ಸೆಕೆಂಡ್. ಉತ್ತರ ಅಲ್ಲೇ ಇತ್ತು.

ಕುಣಿಯುವವನ ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುತ್ತಿದೆ ಅಂದ್ಕೊಳ್ಳಿ. 1/20 ಸೆಕೆಂಡಿನಲ್ಲಿ ಅದು 10 ಸೆಂಟಿಮೀಟರ್ ಸರಿದಿರುತ್ತದೆ, ಅಂದರೆ ಹೆಚ್ಚುಕಮ್ಮಿ ಒಂದು ಅಂಗೈ ಅಗಲ. 1/200ಕ್ಕೆ ಬಂದರೆ ಒಂದು ಸೆಂಟಿಮೀಟರ್. ನನ್ನ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇತ್ತು, ಅದನ್ನೇ ನಂಬಿ ಕೂತಿದ್ದೆ. ಆದರೆ ಅದು ತಡೆಯೋದು ನನ್ನ ಕೈಯ ನಡುಕವನ್ನು, ಅಭಿಮನ್ಯುವಿನ ಕುಣಿತವನ್ನಲ್ಲ. ಪರದೆ ಯಾಕೆ ಅಷ್ಟು ಸ್ಪಷ್ಟ ಬಂತು ಅನ್ನೋದು ಆಗ ಅರ್ಥವಾಯ್ತು.

ಹಾಗಾದರೆ 1/20ರಿಂದ 1/200ಕ್ಕೆ ಹೋಗೋದು ಹೇಗೆ? ಹತ್ತು ಪಟ್ಟು ಬೆಳಕು ಬೇಕು. ಐಎಸ್‌ಓ ಒಂದರಲ್ಲೇ ಅದನ್ನು ಎಳೆದರೆ 16000. ನಮ್ಮ ಕೈಗೆಟುಕುವ ಕ್ಯಾಮೆರಾಗಳಲ್ಲಿ ಅಷ್ಟಕ್ಕೆ ಮುಖದ ಮೇಲೆ ರವೆ ಚೆಲ್ಲಿದಂತಾಗುತ್ತದೆ. ಈಗ ಎಫ್ ಸಂಖ್ಯೆ ನೋಡಿ. ಫೋಕಲ್ ಲೆಂಗ್ತನ್ನು ಅಪರ್ಚರ್‌ನ ವ್ಯಾಸದಿಂದ ಭಾಗಿಸಿದರೆ ಬರೋದೇ ಅದು. ಬೆಳಕು ಒಳಗೆ ಬರೋದು ವ್ಯಾಸದಿಂದಲ್ಲ, ವಿಸ್ತೀರ್ಣದಿಂದ. ಹಾಗಾಗಿ ವರ್ಗ ಮಾಡಬೇಕು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 9.7. ಬೇಕಾಗಿದ್ದ ಹತ್ತು ಪಟ್ಟು ಬೆಳಕು, ಕ್ಯಾಮೆರಾ ಬದಲಾಯಿಸದೆ, ಒಂದು ಎಫ್ 1.8 ಲೆನ್ಸಿನಲ್ಲಿ ಕೂತಿತ್ತು! ಅದೇ ರಂಗ, ಅದೇ ಐಎಸ್‌ಓ, ಶಟರ್ ಮಾತ್ರ 1/200. ಐಎಸ್‌ಓ 3200 ಮಾಡಿಕೊಂಡರೆ 1/400. ಸ್ವಲ್ಪ ಗ್ರೇನ್ ಬಂದರೆ ಬರಲಿ ಬಿಡಿ. ಗ್ರೇನನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಕ್ಕಮಟ್ಟಿಗೆ ತಗ್ಗಿಸಬಹುದು, ಕಲೆಸಿಹೋದ ಮುಖವನ್ನು ವಾಪಸ್ ತರೋಕಾಗಲ್ಲ.

ಹೀಗಾಗಿ "ಲೋ ಲೈಟ್‌ಗೆ ಯಾವ ಕ್ಯಾಮೆರಾ ತಗೊಳ್ಲಿ?" ಅಂತ ಯಾರಾದ್ರೂ ಜೂನಿಯರ್ ಕೇಳಿದರೆ, ಇರೋ ಬಾಡಿ ಇಟ್ಕೊಂಡು 50 ಎಂಎಂ ಎಫ್ 1.8 ತಗೋ ಅಂತೀನಿ. ಹೊಸದಕ್ಕೂ ಹತ್ತು ಸಾವಿರದ ಆಚೀಚೆ, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಕಡಿಮೆ. ಒಂದು ಎಚ್ಚರಿಕೆ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ತು ಅಂತ ತಂದರೆ ಆಟೋಫೋಕಸ್ ಕೆಲಸ ಮಾಡಲ್ಲ, ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಎಸ್ ಬೇಕು. ಕ್ಯಾನನ್‌ನ ಇಎಫ್ 50 ಎಂಎಂ ಎಸ್‌ಟಿಎಂಗೆ ಈ ತಲೆನೋವಿಲ್ಲ.

50 ಎಂಎಂಗೆ ಝೂಮ್ ಇಲ್ಲ, ಕಾಲೇ ಝೂಮ್. ಎಲ್ಲಿ ನಿಲ್ಲಬೇಕು ಅನ್ನೋದಕ್ಕೂ ಲೆಕ್ಕ ಇದೆ, ಹತ್ತನೇ ಕ್ಲಾಸಿನ ಸಮರೂಪ ತ್ರಿಭುಜ ಸಾಕು. ನಮ್ಮ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಎಂಎಂ ಅಗಲ. ಅದನ್ನು 50ರಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚೌಕಟ್ಟಿಗೆ ಎಷ್ಟು ಸಿಗುತ್ತೆ ಅಂತ ಬರುತ್ತದೆ. ಐದು ಮೀಟರ್ ದೂರದಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ 2.35 ಮೀಟರ್ ಎತ್ತರ, ಅಂದರೆ ವೇಷಧಾರಿ ಮುಂದಲೆ ಸಮೇತ ತುಂಬಿಕೊಳ್ತಾನೆ. ಹದಿನೈದು ಮೀಟರ್ ಹಿಂದೆ ಕೂತರೆ ಅಗಲಕ್ಕೆ ಏಳು ಮೀಟರ್ ರಂಗ ಬರುತ್ತದೆ, ಮನುಷ್ಯರು ಕಡ್ಡಿಪೆಟ್ಟಿಗೆಯ ಕಡ್ಡಿಗಳಾಗ್ತಾರೆ. ಆದ್ದರಿಂದ ಮೊದಲ ಸಾಲಿನ ಪಕ್ಕದ ನಡುದಾರಿ ನಿಮ್ಮ ಜಾಗ. ಎಂಟು ಮೀಟರ್‌ಗಿಂತ ಹತ್ತಿರ ಬಿಡಲ್ಲ ಅಂದರೆ 85 ಎಂಎಂ ಎಫ್ 1.8 ಸರಿಹೊಂದುತ್ತದೆ. ಡೊಳ್ಳು ಕುಣಿತದಂಥ ಗುಂಪಿಗೆ, ಗ್ರೀನ್ ರೂಮಿಗೆ 35 ಎಂಎಂ.

70-200 ಎಫ್ 2.8 ಅನ್ನೋ ಬಿಳಿ ತೋಪನ್ನು ಮದುವೆ ಫೋಟೋಗ್ರಾಫರ್‌ಗಳ ಕೈಯಲ್ಲಿ ನೋಡಿ ಆಸೆಪಟ್ಟಿರ್ತೀರಿ. ಒಳ್ಳೇ ಲೆನ್ಸ್, ಒಂದೂವರೆ ಕೆಜಿಯ ಹತ್ತಿರ ತೂಗುತ್ತೆ, ಹೊಸದು ಲಕ್ಷ ದಾಟುತ್ತೆ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ, ಫೆಸ್ಟ್‌ಗೆ ನಾಲ್ಕು ಜನ ಸೇರಿ ತರಬಹುದು. ಆದರೂ ಬೆಳಕಿನ ವಿಷಯದಲ್ಲಿ ನಿಮ್ಮ ಹತ್ತು ಸಾವಿರದ ಎಫ್ 1.8 ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೊಡುತ್ತೆ ಅನ್ನೋದು ನೆನಪಿರಲಿ.

ಎಫ್ 1.8ಕ್ಕೂ ಬೆಲೆ ತೆರಬೇಕು. ಐದು ಮೀಟರ್ ದೂರದಲ್ಲಿ 50 ಎಂಎಂ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 70 ಸೆಂಟಿಮೀಟರ್, ಒಬ್ಬ ನರ್ತಕನಿಗೆ ಸಾಕು. ಎರಡು ಮೀಟರ್‌ಗೆ ಬಂದರೆ 11-12 ಸೆಂಟಿಮೀಟರ್ ಅಷ್ಟೇ. ಮೂಗು ಸ್ಪಷ್ಟ, ಕಿವಿ ಮಸುಕು. ಎರಡು ಸಾಲಿನ ಗ್ರೂಪ್ ಫೋಟೋ ಎಫ್ 1.8ರಲ್ಲಿ ತೆಗೆದು, ಹಿಂದಿನ ಸಾಲಿನವರಿಂದ ಬೈಸಿಕೊಂಡವನು ನಾನು. ಅಲ್ಲಿ ಎಫ್ 4 ಅಥವಾ 5.6 ಬೇಕು, ಆಗ ಬೆಳಕು ಸಾಲದು. ಫ್ಲ್ಯಾಶ್ ಕೆಲಸಕ್ಕೆ ಬರೋದು ಇಂಥ ಕಡೆ.

ರಂಗದ ಕಡೆಗೆ ಫ್ಲ್ಯಾಶ್ ಹೊಡೆಯೋದು ಮಾತ್ರ ಬೇಡ. ಮೊದಲ ಕಾರಣ ಫಿಸಿಕ್ಸ್. ಕ್ಯಾಮೆರಾದ ತಲೆಯಿಂದ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶ್‌ನ ಗೈಡ್ ನಂಬರ್ 12 ಅಂತ ಹಿಡಿಯಿರಿ. ಐಎಸ್‌ಓ 100ರಲ್ಲಿ ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಮೀಟರ್‌ನಲ್ಲಿ ಸಿಗುತ್ತದೆ. ಎಫ್ 5.6ಕ್ಕೆ ಎರಡು ಮೀಟರ್ ಚಿಲ್ಲರೆ. ಐಎಸ್‌ಓ 1600 ಮಾಡಿದರೂ ಎಂಟೂವರೆ ಮೀಟರ್. ನೀವು ಹದಿನೈದು ಮೀಟರ್ ಹಿಂದೆ ಕೂತಿದ್ದರೆ, ಒಂದು ಮೀಟರ್ ಮುಂದೆ ಕೂತವನ ತಲೆಗೆ ಬೀಳುವ ಬೆಳಕಿನ 225ರಲ್ಲಿ ಒಂದು ಪಾಲು ರಂಗಕ್ಕೆ ಸಿಗುತ್ತೆ. ವಿಲೋಮ ವರ್ಗ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಬಂದವರೇ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹೊಡೀತಿರ್ತಾರೆ ಅನ್ನೋದು ಬೇರೆ ಮಾತು. ಎರಡನೇ ಕಾರಣ ಕಲಾವಿದ. ಆ ವೇಷದ ಭಾರ ಹೊತ್ತು ಮಂಡಿಯ ಮೇಲೆ ತಿರುಗುತ್ತಿರುವವನ ಕಣ್ಣಿಗೆ ಫಳ್ ಅಂತ ಬೆಳಕು ಬಿದ್ದರೆ ಅವನಿಗೆ ರಂಗದ ಅಂಚು ಕಾಣಲ್ಲ.

ಹಾಗಂತ ಫ್ಲ್ಯಾಶ್ ಕೀಳಲ್ಲ. ಎಂಐಟಿಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಹೆರಾಲ್ಡ್ ಎಡ್ಜರ್ಟನ್ 1964ರಲ್ಲಿ ಸೇಬನ್ನು ತೂರಿಹೋಗುವ ಗುಂಡಿನ ಫೋಟೋ ಹಿಡಿದದ್ದು ಶಟರ್‌ನ ವೇಗದಿಂದಲ್ಲ, ಫ್ಲ್ಯಾಶ್‌ನ ಕ್ಷಣಿಕತೆಯಿಂದ. ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ತುಂಬಿಟ್ಟು ಒಮ್ಮೆಗೇ ಸುರಿಯೋದು. ನಿಮ್ಮ ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್‌ನ ಒಳಗಿರೋದೂ ಅದೇ ಸರ್ಕ್ಯೂಟಿನ ತಮ್ಮ.

ಫ್ಲ್ಯಾಶ್ ಕೊಳ್ಳುವಾಗ ನಾನು ನೋಡೋದು ಒಂದೇ, ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗಬೇಕು. ನೇರ ಮುಖಕ್ಕೆ ಹೊಡೆದರೆ ಆಧಾರ್ ಕಾರ್ಡ್ ಫೋಟೋ. ಬಿಳಿ ಸೀಲಿಂಗ್‌ಗೆ ಹೊಡೆದರೆ ಇಡೀ ಸೀಲಿಂಗೇ ದೊಡ್ಡ ದೀಪವಾಗಿ ಬೆಳಕು ಮೆತ್ತಗೆ ಇಳಿಯುತ್ತದೆ. ಇದರಲ್ಲಿ ಎರಡು ಸ್ಟಾಪ್‌ನಷ್ಟಾದರೂ ಬೆಳಕು ಕಳೆದುಹೋಗುತ್ತೆ, ಅದಕ್ಕೇ ತೀರಾ ಪುಟ್ಟ ಫ್ಲ್ಯಾಶ್ ಸಾಲದು. ಸೆಮಿನಾರ್ ಹಾಲ್, ಕ್ಲಾಸ್‌ರೂಂ, ಗ್ರೀನ್ ರೂಮಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ದೊಡ್ಡ ಆಡಿಟೋರಿಯಂಗಳ ಎತ್ತರದ ಕಪ್ಪು ಸೀಲಿಂಗ್ ಬೆಳಕನ್ನು ನುಂಗಿ ಸುಮ್ಮನಾಗುತ್ತೆ. ಗೋಡೆಗೆ ಹೊಡೆಯುವ ಮುಂಚೆ ಗೋಡೆಯ ಬಣ್ಣ ನೋಡಿ. ನಮ್ಮ ಕಾರಿಡಾರ್‌ನಲ್ಲಿ ಅರ್ಧ ಗೋಡೆಗೆ ಹಸಿರು ಆಯಿಲ್ ಪೇಂಟ್ ಇದೆ, ಮುಖ್ಯ ಅತಿಥಿಗಳಿಗೆ ಕಾಮಾಲೆ ಬಂದಂತೆ ಕಾಣಿಸಿದ್ದು ಹಾಗೆ.

ಬಹುಮಾನ ವಿತರಣೆ, ಗ್ರೂಪ್ ಫೋಟೋಗಳಿಗೆ ನಾನು ಎಫ್ 4, ಐಎಸ್‌ಓ 800, ಶಟರ್ 1/60 ಇಟ್ಟು ಫ್ಲ್ಯಾಶನ್ನು ಆಟೋಮ್ಯಾಟಿಕ್‌ಗೆ ಬಿಡ್ತೀನಿ. ಶಟರ್ ನಿಧಾನ ಇರೋದರಿಂದ ಹಿಂದಿನ ಬ್ಯಾನರ್, ದೀಪಗಳು ಉಳಿದುಕೊಳ್ತವೆ, ಇಲ್ಲದಿದ್ದರೆ ಎಲ್ಲರೂ ಗುಹೆಯಲ್ಲಿ ನಿಂತಂತೆ ಕಾಣುತ್ತಾರೆ. ಶಟರನ್ನು ಸುಮಾರು 1/200ಕ್ಕಿಂತ ವೇಗ ಮಾಡಿದರೆ ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತೆ. ಆ ವೇಗದಲ್ಲಿ ಶಟರ್‌ನ ಎರಡು ಪರದೆಗಳ ನಡುವೆ ಬರೀ ಸೀಳು ಇರುತ್ತದೆ, ಸೆನ್ಸರ್ ಪೂರ್ತಿ ತೆರೆದಿರುವ ಕ್ಷಣವೇ ಇರಲ್ಲ.

ಇನ್ನು ರಂಗದ ಎಲ್‌ಇಡಿ ದೀಪಗಳು. ಕೆಲವು ಫೋಟೋ ಮಂಕು, ಕೆಲವು ಪ್ರಕಾಶ, ನಡುನಡುವೆ ಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂತ ಹೆದರಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಭಾಷಣ, ಸನ್ಮಾನದಂಥ ನಿಧಾನದ ಕಾರ್ಯಕ್ರಮಕ್ಕೆ 1/100 ಇಟ್ಟರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ. ಕುಣಿತಕ್ಕೆ ಅದು ಸಾಲದು, ಅಲ್ಲಿ ಸಾಲಾಗಿ ನಾಲ್ಕೈದು ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳೋದೇ ದಾರಿ.

ಕೆಂಪು ದೀಪ ಇನ್ನೂ ಕಷ್ಟ. ಮುಖಕ್ಕೆ ಬರೀ ಕೆಂಪು ಬಿದ್ದಾಗ ಸೆನ್ಸರ್‌ನ ಕೆಂಪು ಚಾನೆಲ್ ಮಾತ್ರ ತುಂಬಿ ತುಳುಕುತ್ತದೆ, ಬಣ್ಣಗಾರಿಕೆಯ ಗೆರೆಗಳೆಲ್ಲ ಕರಗಿ ಮುಖ ಪ್ಲಾಸ್ಟಿಕ್ ಆಗುತ್ತೆ. ರಾ ಫಾರ್ಮ್ಯಾಟ್‌ನಲ್ಲಿ ಒಂದು ಸ್ಟಾಪ್ ಕಡಿಮೆ ತೆಗೆದರೆ ಸ್ವಲ್ಪ ಉಳಿಯುತ್ತದೆ. ಇದಕ್ಕೆ ಲೆನ್ಸಿಗಿಂತ ಒಳ್ಳೆಯ ಪರಿಹಾರ ಒಂದಿದೆ, ಅದಕ್ಕೆ ದುಡ್ಡೂ ಬೇಡ. ರಿಹರ್ಸಲ್ ದಿನ ಲೈಟಿಂಗ್‌ನವರ ಹತ್ತಿರ ಹೋಗಿ, "ಅಣ್ಣಾ, ಯಕ್ಷಗಾನ ಮುಗಿಯೋವರೆಗೂ ಮುಂದಿನಿಂದ ಎರಡು ಬಿಳಿ ದೀಪ ಹಾಗೇ ಇರ್ಲಿ" ಅಂತ ಕೇಳಿ. ಈ ಸಲ ನಾನು ಕೇಳಿದೆ. ಅವರು ಬೇಡ ಅನ್ನಲಿಲ್ಲ. ಕಳೆದ ವರ್ಷವೂ ಅನ್ನುತ್ತಿರಲಿಲ್ಲವೇನೋ.

ಈ ವರ್ಷದ ರಿಹರ್ಸಲ್‌ನಲ್ಲಿ ಐದು ಮೀಟರ್ ದೂರದಿಂದ 1/400ರಲ್ಲಿ ತೆಗೆದ ಒಂದು ಫೋಟೋವನ್ನು ಹಳೆಯ ಅಭಿಮನ್ಯುವಿಗೆ ಕಳಿಸಿದೆ. ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. "ಇವನ ಹುಬ್ಬು ಸಮ ಕಾಣ್ತಿದ್ದು, ನಂದು ಮಾತ್ರ ಗೀಟು" ಅಂತ ಉತ್ತರ ಬಂತು.

ಕ್ಲಬ್ ದುಡ್ಡಿನಲ್ಲಿ ಕೊಂಡ 50 ಎಂಎಂ ಸಂಘದ ಬೀರುವಿನ ಮೇಲಿನ ಅರೆಯಲ್ಲಿದೆ, ಫ್ಲ್ಯಾಶ್ ಅದರ ಪಕ್ಕದಲ್ಲೇ. ಯಾರು ಬೇಕಾದರೂ ರಿಜಿಸ್ಟರ್‌ನಲ್ಲಿ ಸಹಿ ಮಾಡಿ ತಗೊಂಡು ಹೋಗಬಹುದು. ನಾಲ್ಕು ರೀಚಾರ್ಜೆಬಲ್ ಡಬಲ್ ಎ ಸೆಲ್ ನೀವೇ ತನ್ನಿ. ಲೆನ್ಸಿನ ಹಿಂದಿನ ಕ್ಯಾಪ್ ಆಗಸ್ಟ್‌ನಿಂದ ಕಾಣ್ತಿಲ್ಲ, ಯಾರ ಬ್ಯಾಗಿನಲ್ಲಾದರೂ ಇದ್ದರೆ ದಯವಿಟ್ಟು ವಾಪಸ್ ತಂದಿಡಿ.