ಬಿಡಿಭಾಗ ಕೊಳ್ಳಲು ಹೊರಟಿದ್ದೀರಾ?

ಜವಳಿ ಅಂಗಡಿಗೆ ಹೋದರೆ ನಾವು ಹತ್ತು ಸೀರೆ ಬಿಡಿಸಿ ನೋಡುತ್ತೇವೆ. ಬಟ್ಟೆ ಉಜ್ಜಿ ನೋಡುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ. ಮೀನಿನವನ ಬಳಿ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳುವುದಿಲ್ಲ. ಆದರೆ ಕಾರಿನ ಬಿಡಿಭಾಗದ ಅಂಗಡಿಯ ಮುಂದೆ ನಿಂತಾಗ ಮಾತ್ರ ನಮ್ಮ ಬಾಯಿ ಕಟ್ಟಿ ಹೋಗುತ್ತದೆ. ಕೌಂಟರಿನ ಹುಡುಗ 'ಯಾವ ಮಾಡೆಲ್? ಯಾವ ಇಯರ್? ಮುಂದಿನದಾ, ಹಿಂದಿನದಾ?' ಎಂದು ಮೂರು ಪ್ರಶ್ನೆ ಒಟ್ಟಿಗೆ ಎಸೆಯುತ್ತಾನೆ. ನಾವು 'ಬಿಳಿ ಕಾರು' ಎನ್ನುತ್ತೇವೆ! ಕೊನೆಗೆ ಅವನು ಕೊಟ್ಟದ್ದನ್ನು ತಂದು ಮೆಕ್ಯಾನಿಕ್ ಕೈಗಿಟ್ಟರೆ, 'ಇದು ಕೂರುವುದಿಲ್ಲ' ಎಂಬ ಉತ್ತರ ಬರುತ್ತದೆ.

ಇದು ಬರೀ ಹಣದ ಮತ್ತು ಓಡಾಟದ ಪ್ರಶ್ನೆಯಲ್ಲ. ತಪ್ಪು ಬಲ್ಬು ತಂದರೆ ದುಡ್ಡು ದಂಡ, ಅಷ್ಟೆ. ಆದರೆ ಬ್ರೇಕ್ ಪ್ಯಾಡ್, ಸ್ಟಿಯರಿಂಗಿನ ಬಾಲ್ ಜಾಯಿಂಟ್, ಚಕ್ರದ ಬೇರಿಂಗ್ ಇವುಗಳಲ್ಲಿ 'ಹೇಗೋ ಹೊಂದಿಸಿದರಾಯಿತು' ಎಂಬ ಮಾತೇ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿಯೋ ಶಿರಾಡಿಯೋ ಘಾಟಿ ಇಳಿಯುವವನಿಗೆ ಆ ಚಿಕ್ಕ ತುಂಡೇ ಆಸರೆ.

ಕೌಂಟರಿನ ಆಚೆ ನಿಂತವನ ಕಷ್ಟ

ಮೊದಲು ಅವನ ಜಾಗದಲ್ಲಿ ನಿಂತು ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾಗಲಿ, ನಿಮ್ಮ ತಾಲೂಕಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಾಗಲಿ, ಗೋಡೆಯ ತುಂಬ ಪೆಟ್ಟಿಗೆಗಳು. ಎಲ್ಲವೂ ನೋಡಲು ಒಂದೇ ತರಹ. ಕಿವಿಯಲ್ಲಿ ಒಬ್ಬ ಮೆಕ್ಯಾನಿಕ್‌ನ ಫೋನ್, ಎದುರಿಗೆ ಮೂವರು ಗಿರಾಕಿಗಳು. 'ಸ್ವಿಫ್ಟಿನ ಕ್ಲಚ್ ಪ್ಲೇಟ್ ಕೊಡಿ' ಎಂದರೆ ಅವನು ಯಾವುದನ್ನು ಕೊಡಬೇಕು? ಸ್ವಿಫ್ಟ್ ನಮ್ಮ ದೇಶದಲ್ಲಿ 2005ರಲ್ಲಿ ಬಂತು. 2011ರಲ್ಲಿ ಹೊಸ ರೂಪ, 2018ರಲ್ಲಿ ಮತ್ತೊಂದು, 2024ರಲ್ಲಿ ಇನ್ನೊಂದು. ನಡುವೆ ಪೆಟ್ರೋಲ್ ಎಂಜಿನ್ ಬದಲಾಯಿತು, ಕೆಲವು ವರ್ಷ ಡೀಸೆಲ್ ಬಂದು ನಿಂತೂ ಹೋಯಿತು. ಹೆಸರು ಒಂದೇ, ಒಳಗಿನ ಸಾಮಾನು ಬೇರೆ ಬೇರೆ. ಮಾರುತಿ 800ರ ಕಥೆಯೂ ಅದೇ. ಮೊದಲು ಕಾರ್ಬುರೇಟರ್, ಆಮೇಲೆ ಎಂಪಿಎಫ್‌ಐ.

ಹಾಗಾಗಿ ಅವನು ಕೇಳುವ ಪ್ರಶ್ನೆ ನಿಮ್ಮನ್ನು ಪರೀಕ್ಷಿಸಲು ಅಲ್ಲ. ಪ್ರಶ್ನೆಯೇ ಕೇಳದೆ ಪೆಟ್ಟಿಗೆ ತೆಗೆದು ಮುಂದಿಡುವವನ ಬಗ್ಗೆಯೇ ನೀವು ಹೆಚ್ಚು ಎಚ್ಚರ ವಹಿಸಬೇಕು.

ಕಾರಿನ ಗುರುತು ಕೈಯಲ್ಲಿರಲಿ

ಅಂಗಡಿಗೆ ಹೋಗುವಾಗ ಆರ್‌ಸಿಯನ್ನು, ಇಲ್ಲವೇ ಅದರ ಸ್ಪಷ್ಟ ಫೋಟೋವನ್ನು ಒಯ್ಯಿರಿ. ಅದರಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್, ಇಂಧನ, ತಯಾರಾದ ತಿಂಗಳು ಮತ್ತು ವರ್ಷ ಎಲ್ಲವೂ ಇರುತ್ತದೆ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ನೋಂದಣಿಯ ವರ್ಷ ಬೇರೆ, ತಯಾರಾದ ವರ್ಷ ಬೇರೆ. 2017ರ ನವೆಂಬರಿನಲ್ಲಿ ಕಾರ್ಖಾನೆಯಿಂದ ಹೊರಬಂದ ಕಾರು 2018ರ ಫೆಬ್ರವರಿಯಲ್ಲಿ ನೋಂದಣಿಯಾಗಿರಬಹುದು. ನೀವು '2018ರ ಕಾರು' ಎಂದರೆ ಅವನು ಹೊಸ ರೂಪದ ಭಾಗ ಕೊಡುತ್ತಾನೆ. ಬಿಡಿಭಾಗಕ್ಕೆ ಬೇಕಾದದ್ದು ತಯಾರಾದ ತಿಂಗಳು ಮತ್ತು ವರ್ಷ.

ಚಾಸಿಸ್ ನಂಬರ್ ಎಂದರೆ 17 ಅಕ್ಷರ ಅಂಕಿಗಳ ಒಂದು ಸಾಲು. ಮೊದಲ ಮೂರು ತಯಾರಕರ ಗುರುತು. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಇರುವುದೇ ಇಲ್ಲ, ಏಕೆಂದರೆ ಒಂದು ಮತ್ತು ಸೊನ್ನೆಯೊಂದಿಗೆ ಅವು ಕಲಸಿ ಹೋಗುತ್ತವೆ. ಆದ್ದರಿಂದ ನೀವು ಬರೆದುಕೊಂಡದ್ದರಲ್ಲಿ 'ಓ' ಕಂಡರೆ ಅದು ಸೊನ್ನೆ ಎಂದೇ ತಿಳಿಯಿರಿ. ಕಂಪೆನಿಯ ಅಧಿಕೃತ ಕೌಂಟರಿನಲ್ಲಿ ಈ ನಂಬರ್ ಕೊಟ್ಟರೆ ಕಂಪ್ಯೂಟರಿನಲ್ಲಿ ನಿಮ್ಮ ಕಾರಿಗೆ ಹೊಂದುವ ಭಾಗದ ನಂಬರನ್ನೇ ತೆಗೆಯುತ್ತಾರೆ. ಆ ಪಾರ್ಟ್ ನಂಬರನ್ನು ಬರೆಸಿಕೊಂಡರೆ ಮುಂದೆ ಯಾವ ಅಂಗಡಿಗೆ ಹೋದರೂ ಅರ್ಧ ಕೆಲಸ ಮುಗಿದಂತೆ.

ಎಡ ಯಾವುದು, ಬಲ ಯಾವುದು?

ನಮ್ಮ ಎಷ್ಟೋ ಮನೆಗಳಲ್ಲಿ ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾರೆ. ಊರಿನಲ್ಲಿ ಕಾರು ಕೆಟ್ಟರೆ ಹೆಂಡತಿಯೋ ಕಾಲೇಜು ಹುಡುಗನೋ ಅಂಗಡಿಯಿಂದಲೇ ಫೋನ್ ಮಾಡುತ್ತಾರೆ. ಅತ್ತಲಿಂದ 'ಡ್ರೈವರ್ ಸೈಡಿನ ಹೆಡ್‌ಲೈಟ್ ತನ್ನಿ' ಎಂಬ ಉತ್ತರ ಬರುತ್ತದೆ. ಹಲವು ವರ್ಷ ಅಲ್ಲಿ ಕಾರು ಓಡಿಸಿದವರಿಗೆ ಡ್ರೈವರ್ ಸೈಡ್ ಎಂದರೆ ಎಡ. ಇಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಮಾತು ಒಂದೇ, ಮನೆಗೆ ಬಂದದ್ದು ತಪ್ಪು ದೀಪ.

ಇದಕ್ಕೊಂದು ಸರಳ ನಿಯಮವಿದೆ. ಎಡ ಬಲ ಎಂಬುದನ್ನು ಯಾವಾಗಲೂ ಸೀಟಿನಲ್ಲಿ ಮುಂದೆ ನೋಡುತ್ತ ಕುಳಿತವರ ಎಡ ಬಲದಿಂದ ಹೇಳಬೇಕು. ಕಾರಿನ ಎದುರಿಗೆ ನಿಂತು ಹೇಳಿದರೆ ತಿರುಗು ಮುರುಗಾಗುತ್ತದೆ. ಪೆಟ್ಟಿಗೆಯ ಮೇಲೆ ಎಲ್‌ಎಚ್ ಎಂದಿದ್ದರೆ ಎಡ, ಆರ್‌ಎಚ್ ಎಂದಿದ್ದರೆ ಬಲ.

ಇದರ ಜೊತೆಗೇ ಇನ್ನೊಂದು ಮಾತು. ಅಗ್ಗವೆಂದು ಅಲ್ಲಿಂದ ಬಿಡಿಭಾಗ ತರಿಸುವವರೂ ಇದ್ದಾರೆ. ಹೆಸರು ಒಂದೇ ಆದರೂ ಅಲ್ಲಿಯ ಕಾರು ಇಲ್ಲಿಯದ್ದಲ್ಲ. ಕೊಲ್ಲಿಯ ಇನ್ನೋವಾ ಪೆಟ್ರೋಲಿನದು, ನಮ್ಮಲ್ಲಿ ಓಡುವ ಹಳೆಯ ಇನ್ನೋವಾಗಳಲ್ಲಿ ಹೆಚ್ಚಿನವು ಡೀಸೆಲ್. ಪಾರ್ಟ್ ನಂಬರ್ ತಾಳೆ ನೋಡದೆ ಯಾರ ಸೂಟ್‌ಕೇಸಿನ ಭಾರವನ್ನೂ ಹೆಚ್ಚಿಸಬೇಡಿ.

ಹೆಸರಿನ ಗೊಂದಲ

ಪೇಟೆಯ ಭಾಷೆಯೇ ಬೇರೆ. ಪುಸ್ತಕದಲ್ಲಿ ಆಲ್ಟರ್ನೇಟರ್ ಎಂದಿರುವುದು ಅಂಗಡಿಯಲ್ಲಿ 'ಡೈನಮೋ'. ಸ್ಟಾರ್ಟರ್ ಮೋಟರ್ 'ಸೆಲ್ಫ್'. ಮೈಕೋ ಕಂಪೆನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಅದು ಇಂದಿಗೂ 'ಮೈಕೋ ಪ್ಲಗ್'. ಇದರಿಂದ ತೊಂದರೆಯಿಲ್ಲ, ಅವನಿಗೂ ಅರ್ಥವಾಗುತ್ತದೆ. ತೊಂದರೆಯಾಗುವುದು 'ಬ್ರೇಕ್ ಲೈನರ್ ಕೊಡಿ' ಎಂಬಂಥ ಮಾತಿನಲ್ಲಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಅದಕ್ಕೆ ಬೇಕಾದದ್ದು ಪ್ಯಾಡ್. ಹಿಂದಿನದಕ್ಕೆ ಡ್ರಮ್ ಬ್ರೇಕು, ಅದಕ್ಕೆ ಬೇಕಾದದ್ದು ಶೂ. ಮುಂದೋ ಹಿಂದೋ ಎಂದು ಹೇಳಿದರೆ ಗೊಂದಲ ಅಲ್ಲೇ ಮುಗಿಯುತ್ತದೆ. ಹೆಸರೇ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಮೆಕ್ಯಾನಿಕ್‌ನಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಭಾಗದ ಫೋಟೋ ತೆಗೆದುಕೊಳ್ಳಿ.

ಹಳೆಯದೇ ಸಾಕ್ಷಿ

ಎಲ್ಲಕ್ಕಿಂತ ಒಳ್ಳೆಯ ಉಪಾಯ, ಕಳಚಿದ ಹಳೆಯ ಭಾಗವನ್ನೇ ಒಯ್ಯುವುದು. ಎಣ್ಣೆ ಒರೆಸಿ ನೋಡಿ, ಅದರ ಮೇಲೆಯೇ ನಂಬರ್ ಕೊರೆದಿರುತ್ತದೆ. ಆ ನಂಬರ್ ಸುಮ್ಮನೆ ಬರೆದದ್ದಲ್ಲ, ಅದಕ್ಕೊಂದು ವ್ಯಾಕರಣವಿದೆ.

ಬೇರಿಂಗಿನ ಮೇಲೆ 6205 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. ಒಳಗಿನ ರಂಧ್ರ 25 ಮಿಲಿಮೀಟರ್. 6204 ಆದರೆ 20. ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ. ಫ್ಯಾನ್ ಬೆಲ್ಟಿನ ಮೇಲೆ 4ಪಿಕೆ 890 ಎಂದಿದ್ದರೆ ನಾಲ್ಕು ಗೀರು, 890 ಮಿಲಿಮೀಟರ್ ಉದ್ದ. ಬ್ಯಾಟರಿಯ ಮೇಲೆ 38ಬಿ20ಎಲ್ ಎಂದಿದ್ದರೆ ಕೊನೆಯ ಎಲ್ ಅಕ್ಷರ ಟರ್ಮಿನಲ್ ಯಾವ ಕಡೆ ಎಂಬುದನ್ನು ಹೇಳುತ್ತದೆ. ಅದರ ಬದಲು ಆರ್ ತಂದರೆ ಬ್ಯಾಟರಿ ಜಾಗದಲ್ಲಿ ಕೂರುತ್ತದೆ, ಕೇಬಲ್ ಮಾತ್ರ ಮುಟ್ಟುವುದಿಲ್ಲ! ಟಯರಿನ ಬದಿಯ ಕೊನೆಯ ನಾಲ್ಕು ಅಂಕಿ ಅದು ತಯಾರಾದ ದಿನದ ಸುಳಿವು. 2319 ಎಂದರೆ 2019ರ 23ನೇ ವಾರ. ಹೊಸದೆಂದು ಮಾರುವ ಟಯರು ಎಷ್ಟು ವರ್ಷ ಗೋಡೆಗೆ ಒರಗಿತ್ತೆಂದು ಅಲ್ಲೇ ಲೆಕ್ಕ ಹಾಕಬಹುದು.

ಒಂದು ಅಕ್ಷರ ಬದಲಾದರೆ ಪದದ ಅರ್ಥವೇ ಬದಲಾಗುವುದನ್ನು ಮಕ್ಕಳಿಗೆ ಕಲಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ.

ಒರಿಜಿನಲ್, ಓಇ, ಲೋಕಲ್

'ಒರಿಜಿನಲ್ ಕೊಡಲಾ, ಲೋಕಲ್ ಕೊಡಲಾ?' ಎಂದು ಕೇಳುತ್ತಾರೆ. ಕಾರು ಕಂಪೆನಿಯ ಮುದ್ರೆಯ ಪೆಟ್ಟಿಗೆಯಲ್ಲಿ ಬರುವುದು ಒಂದು. ಅದೇ ಕಂಪೆನಿಗೆ ಭಾಗ ಪೂರೈಸುವವರು ತಮ್ಮ ಹೆಸರಿನಲ್ಲೇ ಪೇಟೆಗೆ ಬಿಡುವುದು ಇನ್ನೊಂದು. ಇದನ್ನು ಓಇ ಎನ್ನುತ್ತಾರೆ. ಗುಣಮಟ್ಟ ಚೆನ್ನಾಗಿದ್ದು ಬೆಲೆ ಸಾಮಾನ್ಯವಾಗಿ ಕಡಿಮೆ. ಮೂರನೆಯದು ಬೇರೆ ತಯಾರಕರದ್ದು. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನಾಲ್ಕನೆಯದು ನಕಲಿ. ಅದು ಬೇರೆಯವರ ಹೆಸರು ಕದ್ದ ಮಾಲು. ಮೊದಲ ಮೂರರಲ್ಲಿ ಆಯ್ಕೆ ನಿಮ್ಮದು. ನಾಲ್ಕನೆಯದನ್ನು ಗೊತ್ತಿದ್ದೂ ಮಾರುವುದು ಮೋಸ, ಗೊತ್ತಿದ್ದೂ ಕೊಳ್ಳುವುದು ಆ ಮೋಸಕ್ಕೆ ಕೈ ಜೋಡಿಸಿದಂತೆ.

ಮ್ಯಾಟ್, ವೈಪರ್, ಕನ್ನಡಿಗಳಲ್ಲಿ ಉಳಿತಾಯ ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಾಗಿಲಿನ ಹಿಡಿಯನ್ನೋ ಬಂಪರನ್ನೋ ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗುಗಳನ್ನು ಹಳೆಯದು ಕೊಳ್ಳಬೇಡಿ. ಬ್ರೇಕ್ ಆಯಿಲ್ ಕೊಳ್ಳುವಾಗ ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡದ್ದು ಘಾಟಿ ಇಳಿಯುವಾಗಿನ ಬಿಸಿಗೆ ಒಳಗೇ ಕುದಿದು ಪೆಡಲು ಮೆತ್ತಗಾಗುತ್ತದೆ.

'ಬಿಲ್ ಬೇಡ' ಎನ್ನಬೇಡಿ

ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಎಂಬ ಮಾತು ಕಿವಿಗೆ ಹಿತ. ಆದರೆ ಆ ಕಡಿಮೆಯ ಜೊತೆಗೆ ನಿಮ್ಮ ಹಕ್ಕೂ ಹೋಗುತ್ತದೆ. ಬಿಡಿಭಾಗಗಳಲ್ಲಿ ಹಲವಕ್ಕೆ ಶೇ. 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೂಡಿಸುವಂತಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದೂ ಹಾಗೆಯೇ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಗಮನಿಸಿ, ಇದು ದೋಷವಿರುವ ಮಾಲಿನ ಮಾತು. ನೀವೇ ತಪ್ಪು ಮಾಡೆಲ್ ಹೇಳಿ ಒಯ್ದದ್ದಕ್ಕೆ ಅಂಗಡಿಯವನು ಹೊಣೆಯಲ್ಲ. ಆದ್ದರಿಂದ ಕಾರಿನ ಹೆಸರು, ತಯಾರಾದ ವರ್ಷ, ಇಂಧನ ಇಷ್ಟನ್ನೂ ಬಿಲ್ಲಿನಲ್ಲೇ ಬರೆಸಿ. ಆಗ ತಪ್ಪು ಯಾರದೆಂದು ಕಾಗದವೇ ಹೇಳುತ್ತದೆ. ವಿದ್ಯುತ್ ಭಾಗಗಳನ್ನು ಹೆಚ್ಚಿನ ಅಂಗಡಿಗಳು ಬದಲಾಯಿಸಿ ಕೊಡುವುದಿಲ್ಲ. ಹಣ ಕೊಡುವ ಮೊದಲೇ ಕೇಳಿ. ಕೌಂಟರಿನ ಮೇಲೆಯೇ ಪೆಟ್ಟಿಗೆ ಬಿಚ್ಚಿಸಿ, ಹಳೆಯದರ ಪಕ್ಕದಲ್ಲಿಟ್ಟು ರಂಧ್ರ, ಹಲ್ಲು, ಪ್ಲಗ್ಗಿನ ಪಿನ್ ಎಣಿಸಿ. ಹೊಂದುವುದಿಲ್ಲವೆಂದು ಅನ್ನಿಸಿದರೆ ಪೆಟ್ಟಿಗೆ ಹರಿಯದೆ, ಭಾಗಕ್ಕೆ ಎಣ್ಣೆ ತಾಗಿಸದೆ ಹಾಗೆಯೇ ಮರಳಿಸಿ.

ಸರಿಯಾದ ಭಾಗ ಕೊಟ್ಟ ಹುಡುಗನ ಮುಖ ನೆನಪಿಟ್ಟುಕೊಳ್ಳಿ. 'ಇದು ನಿಮ್ಮ ಕಾರಿಗೆ ಆಗುವುದಿಲ್ಲ, ನಮ್ಮಲ್ಲಿಲ್ಲ, ಪಕ್ಕದ ಅಂಗಡಿಯಲ್ಲಿ ಕೇಳಿ' ಎಂದು ಹೇಳುವವನು ಸಿಕ್ಕರೆ ಅವನನ್ನು ಬಿಡಬೇಡಿ. ಅಂದಿನ ವ್ಯಾಪಾರ ಕಳೆದುಕೊಂಡು ನಿಮ್ಮ ಮನೆಯವರ ಜೀವ ಕಾದವನು ಅವನು.

ಇಂದೇ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಕಾರಿನ ಚಾಸಿಸ್ ನಂಬರ್, ತಯಾರಾದ ತಿಂಗಳು, ಟಯರಿನ ಅಳತೆ, ಬ್ಯಾಟರಿಯ ನಂಬರ್, ಎಂಜಿನ್ ಆಯಿಲಿನ ಗ್ರೇಡ್, ಹೆಡ್‌ಲೈಟ್ ಬಲ್ಬಿನ ನಮೂನೆ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ನೀವು ಊರಲ್ಲಿಲ್ಲದ ದಿನ ಕಾರು ನಿಂತರೆ, ಮನೆಯ ಹೆಣ್ಣುಮಗಳು ಆ ಹಾಳೆಯನ್ನು ಕೌಂಟರಿನ ಮೇಲಿಟ್ಟು ಧೈರ್ಯವಾಗಿ ಮಾತಾಡುತ್ತಾಳೆ.